ಲಂಚ ಕೇಳಿದರೆ ದೂರು ಕೊಡುವುದು ಹೇಗೆ: ಗುಮಾಸ್ತನಾದರೂ ಅಷ್ಟೇ, ಎಂಎಲ್‌ಎ ಆದರೂ ಅಷ್ಟೇ

ಯಾರಾದರೂ ಲಂಚ ಕೇಳಿದರೆ "ಲೋಕಾಯುಕ್ತಕ್ಕೆ ಹೋಗ್ತೀನಿ ನೋಡ್ರಿ" ಅಂತ ಅವರ ಮುಂದೆಯೇ ಕೂಗಾಡಬೇಡಿ. ನಾನು ಕೂಗಾಡಿದ್ದೆ. ದಾವಣಗೆರೆಯಲ್ಲಿ ಅಪ್ಪನ ಹೆಸರಿನ ಸೈಟಿನ ಖಾತೆ ಬದಲಾವಣೆಗೆ ಓಡಾಡುತ್ತಿದ್ದಾಗ ಒಬ್ಬರು "ಮೇಲಿನವರನ್ನೂ ಸ್ವಲ್ಪ ನೋಡ್ಕೋಬೇಕಾಗ್ತದೆ" ಅಂದರು, ನನಗೆ ಸಿಟ್ಟು ನೆತ್ತಿಗೇರಿತು. ಅವತ್ತಿನಿಂದ ಆ ಮನುಷ್ಯ ದುಡ್ಡಿನ ಮಾತು ಎತ್ತಲಿಲ್ಲ, ಫೈಲನ್ನೂ ಎತ್ತಲಿಲ್ಲ. ದೂರು ಕೊಡೋಣ ಅಂದರೆ ಕೈಯಲ್ಲಿ ಏನಿತ್ತು? ಬರೀ ನನ್ನ ಬಾಯಿಮಾತು.

ಲಂಚದ ಕೇಸಿನಲ್ಲಿ ಎಲ್ಲರೂ ದುಡ್ಡಿನ ಕಂತೆ ನೋಡುತ್ತಾರೆ. ಕೋರ್ಟು ನೋಡುವುದು ಕೇಳಿದ್ದನ್ನ. ಇವರು ಕೇಳಿದರಾ, ಯಾವ ಕೆಲಸಕ್ಕೆ ಕೇಳಿದರು, ಕೇಳಿದ್ದನ್ನೇ ತೆಗೆದುಕೊಂಡರಾ. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ನೀರಜ್ ದತ್ತಾ ಕೇಸಿನಲ್ಲಿ ಇದನ್ನೇ ಹೇಳಿತು: ಬೇಡಿಕೆ ಮತ್ತು ಸ್ವೀಕಾರ ಎರಡೂ ಸಾಬೀತಾಗಲೇಬೇಕು. ದೂರುದಾರ ತೀರಿಕೊಂಡರೆ ಅಥವಾ ಮಾತು ಬದಲಿಸಿದರೆ ಬೇರೆ ಸಾಕ್ಷಿಗಳಿಂದಲೂ ಸಾಬೀತು ಮಾಡಬಹುದು ಅಂತಲೂ ಹೇಳಿತು. ಆದರೆ ಸಾಬೀತಂತೂ ಆಗಬೇಕು.

ನಮ್ಮ ಜಿಲ್ಲೆಯವರಿಗೆ ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. 2023ರ ಮಾರ್ಚ್ 2ರಂದು ಆಗಿನ ಚನ್ನಗಿರಿ ಶಾಸಕ ಮಾಡಾಳ್ ವಿರೂಪಾಕ್ಷಪ್ಪ ಅವರ ಮಗ ಬೆಂಗಳೂರಿನಲ್ಲಿ 40 ಲಕ್ಷ ರೂಪಾಯಿ ತೆಗೆದುಕೊಳ್ಳುವಾಗ ಲೋಕಾಯುಕ್ತ ಪೊಲೀಸರಿಗೆ ಸಿಕ್ಕಿಬಿದ್ದರು. ಅಪ್ಪ ಆಗ ಮೈಸೂರು ಸ್ಯಾಂಡಲ್ ಸೋಪ್ ಮಾಡುವ ನಿಗಮದ ಅಧ್ಯಕ್ಷರು, ಆರೋಪ ಇದ್ದದ್ದು ಅದರ ಟೆಂಡರ್ ವಿಷಯಕ್ಕೆ. ಮನೆಯಲ್ಲಿ ಸಿಕ್ಕ ನೋಟು 6 ಕೋಟಿಗೂ ಜಾಸ್ತಿ. ಅದು ಅಡಿಕೆ ತೋಟದ ದುಡ್ಡು ಅಂತ ಅವರು ಹೇಳಿದಾಗ ಇಲ್ಲಿನ ಅಡಿಕೆ ಬೆಳೆಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕದ್ದು ನನಗಿನ್ನೂ ನೆನಪಿದೆ. ಮಧ್ಯಂತರ ಜಾಮೀನು ಸಿಕ್ಕಾಗ ಊರಲ್ಲಿ ಮೆರವಣಿಗೆ ಆಯಿತು, ಜಾಮೀನು ಹೋದಾಗ ಮಾರ್ಚ್ 27ರಂದು ಬಂಧನವೂ ಆಯಿತು. ಆಮೇಲೆ? 2023ರ ಕೊನೆಗೆ ಹೈಕೋರ್ಟ್ ವಿರೂಪಾಕ್ಷಪ್ಪ ಅವರ ಮೇಲಿನ ಕೇಸನ್ನು ರದ್ದು ಮಾಡಿತು. ಅವರೇ ಕೇಳಿದ್ದಕ್ಕೂ ಅವರೇ ತೆಗೆದುಕೊಂಡದ್ದಕ್ಕೂ ಆಧಾರ ಇಲ್ಲ ಅನ್ನುವುದೇ ಮುಖ್ಯ ಕಾರಣ. ಟಿವಿಯಲ್ಲಿ ದುಡ್ಡಿನ ರಾಶಿ ನೋಡಿದವರಿಗೆ ಇದು ನುಂಗೋಕೆ ಕಷ್ಟ. ಕಾನೂನು ಮಾತ್ರ ಇರುವುದೇ ಹಾಗೆ.

ಈಗ ಕೋಲಾರ ಜಿಲ್ಲೆಯ ಕೆಜಿಎಫ್ ನೋಡಿ. ಅಲ್ಲಿ 2008ರಲ್ಲಿ ಗೆದ್ದ ವೈ. ಸಂಪಂಗಿ ಅವರನ್ನು 2009ರ ಜನವರಿಯಲ್ಲಿ ಬೆಂಗಳೂರಿನ ಶಾಸಕರ ಭವನದಲ್ಲೇ ಲೋಕಾಯುಕ್ತ ಪೊಲೀಸರು ಹಿಡಿದರು. ಆಸ್ತಿ ವ್ಯಾಜ್ಯವೊಂದರ ವಿಷಯಕ್ಕೆ 5 ಲಕ್ಷ ಲಂಚ. ಇಲ್ಲಿ ಮಗನಿಲ್ಲ, ಪಿಎ ಇಲ್ಲ, ನೇರ ಅವರೇ. 2012ರಲ್ಲಿ ಲೋಕಾಯುಕ್ತ ವಿಶೇಷ ನ್ಯಾಯಾಲಯ ಮೂರೂವರೆ ವರ್ಷ ಜೈಲು, 1 ಲಕ್ಷ ದಂಡ ವಿಧಿಸಿತು. ಮುಂದಿನ ವರ್ಷ ಅದೇ ಕ್ಷೇತ್ರದಿಂದ ಅವರ ತಾಯಿ ಗೆದ್ದು ಬಂದರು. ಜನರ ಲೆಕ್ಕ ಬೇರೆ, ಬಿಡಿ.

ಹಾಗಾದರೆ ನೀವೇನು ಮಾಡಬೇಕು?

ಮೊದಲು ನಿಮ್ಮ ಕೆಲಸ ಅವರ ಹತ್ತಿರ ಬಾಕಿ ಇದೆ ಅನ್ನುವುದಕ್ಕೆ ಕಾಗದ ಇರಲಿ. ಅರ್ಜಿಯ ಪ್ರತಿ, ಸ್ವೀಕೃತಿ, ಸಕಾಲದ ಸೇವೆಯಾದರೆ ಅದರ ನಂಬರ್. ಎಂಎಲ್‌ಎ ಹತ್ತಿರದ ಕೆಲಸವಾದರೆ ಯಾವ ಪತ್ರ, ಯಾವ ಟೆಂಡರ್, ಯಾವ ಬಿಲ್ ಅನ್ನುವುದು. ಕೆಲಸವೇ ಇಲ್ಲದಿದ್ದರೆ ಲಂಚ ಯಾತಕ್ಕೆ ಕೇಳ್ತಾರೆ ಅಂತ ಅವರ ವಕೀಲರು ಕೇಳಿಯೇ ಕೇಳುತ್ತಾರೆ.

ಆಮೇಲೆ ಮಾತು. ಇದರಲ್ಲೇ ಜಾಸ್ತಿ ಜನ ಎಡವುತ್ತಾರೆ. "ಸರ್, ಹತ್ತು ಸಾವಿರ ಕೊಡ್ತೀನಿ, ಮಾಡಿಕೊಡಿ" ಅಂತ ನೀವೇ ಶುರು ಮಾಡಿದರೆ ಕೇಳಿದವರು ಯಾರು? "ನನ್ನ ಫೈಲ್ ಎಲ್ಲಿಗೆ ಬಂತು ಸರ್, ಏನು ಮಾಡಬೇಕು" ಅಂತ ಕೇಳಿ ಸುಮ್ನಿರಿ. ಮೊತ್ತ ಅವರ ಬಾಯಿಂದ ಬರಲಿ. ಈ ಜನ ನೇರವಾಗಿ ಮಾತಾಡುವುದು ಕಡಿಮೆ, ಬೆರಳು ತೋರಿಸುತ್ತಾರೆ, ಕ್ಯಾಲ್ಕುಲೇಟರ್ ಒತ್ತಿ ತೋರಿಸುತ್ತಾರೆ, "ಖರ್ಚಿದೆ" ಅನ್ನುತ್ತಾರೆ. ಆಗ "ಎಷ್ಟು ಅಂದ್ರಿ, ಸರಿಯಾಗಿ ಕೇಳಿಸಲಿಲ್ಲ" ಅನ್ನುವುದು ತಪ್ಪಲ್ಲ. ಮಧ್ಯದವನು ಕೇಳುತ್ತಿದ್ದರೆ ಅವನ ಮೇಲೂ ಕೇಸ್ ಆಗುತ್ತದೆ. ಆದರೆ ಅವನ ಹಿಂದಿರುವವರು ಬೇಕೆಂದರೆ ಒಮ್ಮೆಯಾದರೂ ಅವರ ಹತ್ತಿರವೇ ಹೋಗಿ ವಿಷಯ ಎತ್ತಬೇಕು. ಇಲ್ಲದಿದ್ದರೆ ಸಿಕ್ಕಿಬೀಳುವುದು ಪಿಎ ಒಬ್ಬನೇ.

ಈ ಮಾತುಕತೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆ ರೆಕಾರ್ಡಿಂಗನ್ನು ಕತ್ತರಿಸಬೇಡಿ, ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಮೂಲ ಫೈಲ್ ಆ ಫೋನಿನಲ್ಲೇ ಇರಲಿ. ಕೋರ್ಟಿಗೆ ಹೋಗುವಾಗ ಅದಕ್ಕೊಂದು ಪ್ರಮಾಣಪತ್ರ ಬೇಕಾಗುತ್ತದೆ. ಹೊಸ ಫೋನ್ ತಗೊಂಡು ಹಳೆಯದನ್ನು ಮಾರಿಬಿಟ್ಟರೆ ಕಥೆ ಮುಗಿಯಿತು.

ಇಷ್ಟು ಆದ ಮೇಲೆ ಜಿಲ್ಲೆಯ ಲೋಕಾಯುಕ್ತ ಪೊಲೀಸರ ಹತ್ತಿರ ಹೋಗಿ. 2016ರಲ್ಲಿ ಹುಟ್ಟಿದ ಎಸಿಬಿಯನ್ನು (ಭ್ರಷ್ಟಾಚಾರ ನಿಗ್ರಹ ದಳ) 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ರದ್ದು ಮಾಡಿತು, ಈಗ ಟ್ರ್ಯಾಪ್ ಮಾಡುವವರು, ಅಂದರೆ ಲಂಚ ತೆಗೆದುಕೊಳ್ಳುವಾಗಲೇ ಹಿಡಿಯುವವರು, ಮತ್ತೆ ಲೋಕಾಯುಕ್ತದವರೇ. ದೂರು ಬರೆಯುವಾಗ ಭಾಷಣ ಬೇಡ. ಯಾವ ದಿನ, ಎಲ್ಲಿ, ಯಾರು, ಯಾವ ಕೆಲಸಕ್ಕೆ, ಎಷ್ಟು ಕೇಳಿದರು, ಜೊತೆಗೆ ಯಾರಿದ್ದರು. ಎಫ್‌ಐಆರ್ ಪ್ರತಿ ನಿಮಗೆ ಉಚಿತ, ಕೇಳಿ ತೆಗೆದುಕೊಳ್ಳಿ.

ದುಡ್ಡು ಸಾಮಾನ್ಯವಾಗಿ ನೀವೇ ತರಬೇಕಾಗುತ್ತದೆ. ಅದು ಕೇಸಿಗೆ ಸೇರಿಬಿಡುತ್ತದೆ, ಹಾಗಾಗಿ ವಾಪಸ್ ಯಾವಾಗ ಅಂತ ಮೊದಲೇ ಕೇಳಿಕೊಳ್ಳಿ, ಸಂಕೋಚ ಬೇಡ. ನೋಟಿನ ನಂಬರ್‌ಗಳನ್ನು ಪಂಚರ ಮುಂದೆ ಬರೆದುಕೊಂಡು, ಫಿನಾಲ್ಫ್ತಲೀನ್ ಪುಡಿ ಸವರಿ ಕೊಡುತ್ತಾರೆ. ಪಂಚರೆಂದರೆ ಸಾಮಾನ್ಯವಾಗಿ ಬೇರೆ ಇಲಾಖೆಯ ನೌಕರರು. ಒಬ್ಬರು ನಿಮ್ಮ ಜೊತೆಗೇ ಬರುತ್ತಾರೆ. ಅವರಾಗಿ ಕೇಳುವ ತನಕ ದುಡ್ಡು ತೆಗೆಯಬೇಡಿ, ಮೇಜಿನ ಮೇಲೆ ಸುಮ್ನೆ ಇಟ್ಟು ಬರಬೇಡಿ. ಕೇಳಿದ ಮೇಲೆ ಕೊಡಿ, ಮೊದಲೇ ಹೇಳಿಕೊಟ್ಟ ಸನ್ನೆ ಮಾಡಿ. ಆಮೇಲೆ ಅವರ ಕೈಯನ್ನು ಸೋಡಿಯಂ ಕಾರ್ಬೋನೇಟ್ ನೀರಿನಲ್ಲಿ ತೊಳೆಸುತ್ತಾರೆ, ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಹೇಳುವುದು ನೋಟು ಮುಟ್ಟಿದ್ದನ್ನು ಮಾತ್ರ. ಯಾಕೆ ಮುಟ್ಟಿದರು ಅನ್ನುವುದನ್ನು ನಿಮ್ಮ ರೆಕಾರ್ಡಿಂಗು, ಜೊತೆಗೆ ಬಂದ ಪಂಚರ ಮಾತು ಹೇಳಬೇಕು.

ಈಗಾಗಲೇ ಕೊಟ್ಟುಬಿಟ್ಟಿದ್ದೀರಾ? ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರ ತಿದ್ದುಪಡಿ ಆದಮೇಲೆ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ಪೊಲೀಸರಿಗೆ ತಿಳಿಸಿದರೆ ರಕ್ಷಣೆ ಇದೆ. ಎಂಟನೇ ದಿನದ ತನಕ ಕಾಯಬೇಡಿ.

ಎಂಎಲ್‌ಎ ಅಂದರೆ ಕಾನೂನಿನಲ್ಲಿ ಸಾರ್ವಜನಿಕ ಸೇವಕರೇ. ಸದನದಲ್ಲಿ ಮತ ಹಾಕಲು ದುಡ್ಡು ತಗೊಂಡರೂ ರಕ್ಷಣೆ ಇಲ್ಲ ಅಂತ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಶಿಕ್ಷೆ 3ರಿಂದ 7 ವರ್ಷ. ಈ ಕಾಯ್ದೆಯಡಿ ಬರೀ ದಂಡ ಬಿದ್ದರೂ ಆರು ವರ್ಷ ಅನರ್ಹತೆ, ಜೈಲಾದರೆ ಬಿಡುಗಡೆಯಾದ ಮೇಲೆ ಇನ್ನೂ ಆರು ವರ್ಷ. ಮೊದಲೆಲ್ಲ ಅಪೀಲು ಹಾಕಿ ಕುರ್ಚಿಯಲ್ಲಿ ಕೂರಬಹುದಿತ್ತು, ಸುಪ್ರೀಂ ಕೋರ್ಟಿನ 2013ರ ಜುಲೈ 10ರ ತೀರ್ಪು ಅದನ್ನು ನಿಲ್ಲಿಸಿತು. ದೋಷಿ ಅನ್ನುವ ತೀರ್ಪಿಗೇ ತಡೆಯಾಜ್ಞೆ ಸಿಕ್ಕರೆ ಮಾತು ಬೇರೆ.

ಕೊನೆಗೆ ನೀವು ಸಾಕ್ಷಿ ಹೇಳೋಕೆ ಹೋಗಬೇಕು. ವರ್ಷಗಳೇ ಕಳೆದಿರುತ್ತವೆ. ಈ ನಡುವೆ ನೆಂಟರು, ಸಮಾಜದ ಹಿರಿಯರು, ಊರ ಗೌಡರು ಬಂದು "ಹೋಗ್ಲಿ ಬಿಡಪ್ಪಾ, ಅವರಿಗೂ ಮಕ್ಕಳಿದಾರೆ" ಅನ್ನುತ್ತಾರೆ. ಅದಕ್ಕೇ ದೂರು ಕೊಟ್ಟ ದಿನವೇ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಎಲ್ಲಾ ಬರೆದಿಡಿ, ನೆನಪು ನಂಬಬೇಡಿ.

ನನ್ನ ಖಾತೆ? ಆಯಿತು, ಐದು ತಿಂಗಳು ಹಿಡಿಯಿತು. ಆ ಮನುಷ್ಯ ಅದೇ ಕುರ್ಚಿಯಲ್ಲಿದ್ದಾರೆ, ಎದುರಾದರೆ "ಆರಾಮಾ ಸರ್" ಅಂತಾರೆ.