ನಿಜ್ವಾಕ್ಕೆ ಬಂದಿದ್ದೀರಾ? ಚೀಲ ಹಿಡಿದು ಸಂತೆಗೆ ನಡೆಯಿರಿ

ಒಮಾನ್ ದೇಶದ ನಿಜ್ವಾಕ್ಕೆ ಹೊಸದಾಗಿ ಕೆಲಸಕ್ಕೆ ಬರುವ ನಮ್ಮವರಲ್ಲಿ ನರ್ಸುಗಳಿದ್ದಾರೆ, ಟೀಚರುಗಳಿದ್ದಾರೆ, ಸೈಟ್ ಎಂಜಿನಿಯರುಗಳಿದ್ದಾರೆ. ಬಹಳ ಜನ ಮೊದಲ ವಾರವೇ ಕೋಟೆ ನೋಡಿ ನಾಲ್ಕು ಫೋಟೋ ತೆಗೆದು ಮನೆಗೆ ಕಳಿಸುತ್ತಾರೆ. ಆಮೇಲೆ ಅಕ್ಕಿ, ಬೇಳೆ, ಹಣ್ಣು, ಮೀನು ಎಲ್ಲಕ್ಕೂ ಹೆದ್ದಾರಿ ಪಕ್ಕದ ಹೈಪರ್‌ಮಾರ್ಕೆಟ್ಟೇ ಗತಿ. ಎರಡು ವರ್ಷ ಇದ್ದು ಹೋದವರಿಗೂ ಸೂಕ್‌ನ, ಅಂದರೆ ಊರಿನ ಸಂತೆಪೇಟೆಯ, ಒಳಗೆ ಮೀನಿನ ಕಟ್ಟಡ ಎಲ್ಲಿದೆ ಅಂತ ಗೊತ್ತಿರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಈ ಊರು ಅರ್ಥ ಆಗೋದು ಇಲ್ಲಿ ಸಂತೆ ಮಾಡಲು ಶುರು ಮಾಡಿದ ಮೇಲೆ. ಕ್ಯಾಮೆರಾ ಆಮೇಲೆ ಇರಲಿ, ಮೊದಲು ಚೀಲ ಹಿಡಿಯಿರಿ.

ಮಸ್ಕತ್ತಿನಲ್ಲಿ ಇರುವವರಿಗೂ ಇದು ದೂರ ಅಲ್ಲ. ಸುಮಾರು 150 ಕಿಲೋಮೀಟರ್, ಕಾರಿನಲ್ಲಿ ಒಂದೂವರೆ ಗಂಟೆ, ಒಳ್ಳೆಯ ರಸ್ತೆ. ಮ್ವಾಸಲಾತ್ ಅನ್ನುವ ಸರ್ಕಾರಿ ಸಂಸ್ಥೆಯ ಬಸ್ಸೂ ಇದೆ. ಆದರೆ ಶುಕ್ರವಾರದ ಸಂತೆಗೆ ಬಸ್ಸು ನಂಬಿದರೆ ತಡವಾಗುತ್ತದೆ. ಗುರುವಾರ ರಾತ್ರಿಯೇ ಬಂದು ಕೋಟೆ ಪಕ್ಕದ ಹಳೆಯ ಕೇರಿ ಹಾರತ್ ಅಲ್-ಅಕ್ರ್‌ನಲ್ಲಿ ತಂಗಿ. ಮಣ್ಣಿನ ಹಳೆ ಮನೆಗಳನ್ನು ರಿಪೇರಿ ಮಾಡಿ ಈಗ ಅತಿಥಿಗೃಹ, ಕೆಫೆ ಮಾಡಿದ್ದಾರೆ, ಬೆಳಗ್ಗೆ ಎದ್ದರೆ ಸಂತೆ ಕಾಲ್ನಡಿಗೆಯಲ್ಲೇ. ಕಾರಿನಲ್ಲಿ ಬಂದರೆ ಒಂದು ಎಚ್ಚರಿಕೆ: ಸೂಕ್ ಎದುರು ವಾದಿ ಇದೆ, ಅಂದರೆ ಒಣಗಿದ ಹೊಳೆ. ಮಳೆಯ ಮುನ್ಸೂಚನೆ ಇದ್ದ ದಿನ ಹೊಳೆಯ ಹಾಸಿನಲ್ಲಿ ಯಾವ ಕಾರಣಕ್ಕೂ ಗಾಡಿ ನಿಲ್ಲಿಸಬೇಡಿ. ಊರಿನಲ್ಲಿ ಹನಿ ಬೀಳದಿದ್ದರೂ ಬೆಟ್ಟದ ನೀರು ನಿಮಿಷಗಳಲ್ಲಿ ಇಳಿದು ಬರುತ್ತದೆ.

ಇಲ್ಲಿ ಎಲ್ಲವೂ ಹೊತ್ತಿನ ಮೇಲೆ ನಡೆಯುತ್ತದೆ. 2013ರಿಂದ ವಾರದ ರಜೆ ಶುಕ್ರವಾರ, ಶನಿವಾರ. ಅಂಗಡಿಗಳು ಬೆಳಗ್ಗೆ ಬೇಗ ತೆರೆದು, ಮಧ್ಯಾಹ್ನ ಒಂದರ ಸುಮಾರಿಗೆ ಮುಚ್ಚಿ, ನಾಲ್ಕರ ನಂತರ ಮತ್ತೆ ತೆರೆಯುತ್ತವೆ. ಶುಕ್ರವಾರ ಜುಮಾ ನಮಾಜು ಇರುವುದರಿಂದ ಇನ್ನೂ ಮುಂಚೆಯೇ ಎಲ್ಲ ಖಾಲಿ. ಹನ್ನೆರಡು ಗಂಟೆಗೆ ಬಂದು "ಏನೂ ಇಲ್ಲ ಇಲ್ಲಿ" ಅಂತ ಬೇಸರದಲ್ಲಿ ವಾಪಸ್ ಹೋಗುವವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ನಡೆದಾಡಲು ಅಕ್ಟೋಬರ್‌ನಿಂದ ಮಾರ್ಚ್ ಹಿತ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಆಗ ಬೆಳಗ್ಗೆ ಒಂಬತ್ತರೊಳಗೆ ಇಲ್ಲವೇ ಸಂಜೆ ಮಾತ್ರ.

ಶುಕ್ರವಾರ ಬೆಳಗ್ಗೆ ಏಳಕ್ಕೆಲ್ಲ ಮೇಕೆ ಸಂತೆಯಲ್ಲಿ ಇರಿ. ಬೂಟು ಹಾಕಿಕೊಳ್ಳಿ, ಚಪ್ಪಲಿ ಬೇಡ. ನಡುವೆ ಸೂರಿನ ಕೆಳಗೆ ಒಂದು ಜಗಲಿ, ಅದರ ಸುತ್ತ ದುಂಡಗೆ ಓಣಿಯಂಥ ದಾರಿ, ಹೊರಗಡೆ ಮತ್ತೊಂದು ಸುತ್ತು ಜನ. ಮಾರುವವರು ಮೇಕೆಯ ಹಗ್ಗ ಹಿಡಿದು, ಮರಿಯಾದರೆ ಎದೆಗವಚಿಕೊಂಡು, ಬೆಲೆ ಕೂಗುತ್ತಾ ಆ ದಾರಿಯಲ್ಲಿ ಸುತ್ತು ಹೊಡೆಯುತ್ತಾರೆ. ಕೊಳ್ಳುವವರು ಎರಡೂ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತಿರುತ್ತಾರೆ. ಒಬ್ಬರು ಕೈ ಎತ್ತಿದರೆ ಮೇಕೆ ನಿಲ್ಲುತ್ತದೆ. ತುಟಿ ಬಿಡಿಸಿ ಹಲ್ಲು ನೋಡುತ್ತಾರೆ, ಬೆನ್ನಿನ ಮೂಳೆ ಒತ್ತುತ್ತಾರೆ, ಹಾಲಿನದಾದರೆ ಕೆಚ್ಚಲು ಮುಟ್ಟುತ್ತಾರೆ. ಒಪ್ಪಿಗೆ ಆಗದಿದ್ದರೆ ಒಂದು ತಲೆಯಾಡಿಕೆ, ಮೇಕೆ ಮುಂದಕ್ಕೆ ಹೋಗುತ್ತದೆ, ಬೆಲೆ ಒಂದೆರಡು ರಿಯಾಲ್ ಏರಿ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಮುಖವಾಡದಂಥ ಬುರ್ಕಾ ಹಾಕಿದ ಬೆದುಯಿನ್ ಹೆಂಗಸರೂ ವ್ಯಾಪಾರಕ್ಕೆ ಬರುತ್ತಾರೆ, ಅವರ ಚೌಕಾಸಿ ಗಂಡಸರಿಗಿಂತ ಗಟ್ಟಿ. ಮೇಕೆ ಮುಗಿದ ಮೇಲೆ ದನಗಳ ಸರದಿ. ಒಂಬತ್ತರ ಹೊತ್ತಿಗೆ ಎಲ್ಲ ಮುಗಿಯುತ್ತದೆ.

ನೀವು ಆ ಸುತ್ತುದಾರಿಗೆ ಕಾಲಿಡಬೇಡಿ, ಅದು ವ್ಯಾಪಾರದ ಜಾಗ. ಹೊರಗಿನ ಸುತ್ತಿನಲ್ಲಿ ನಿಂತು ನೋಡಿ. ಹೆಂಗಸರ ಫೋಟೋ ಕೇಳದೆ ತೆಗೆಯಲೇಬೇಡಿ. ಗಂಡಸರು ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ, ಖುಷಿಯಿಂದ ನಿಲ್ಲುತ್ತಾರೆ. "ಅಸ್ಸಲಾಮು ಅಲೈಕುಂ" ಅಂತ ಶುರು ಮಾಡಿ, ಬೆಲೆಗೆ "ಬಿಕಮ್?", ಕೊನೆಗೆ "ಶುಕ್ರನ್". ಇಷ್ಟು ಅರಬ್ಬಿ ಸಾಕು, ಉಳಿದದ್ದು ಹಿಂದಿಯಲ್ಲಿ ನಡೆಯುತ್ತದೆ, ಬಹಳ ಅಂಗಡಿಗಳಲ್ಲಿ ಮಲಯಾಳವೂ ನಡೆಯುತ್ತದೆ. ಊರಿನ ಹಿರಿಯರಲ್ಲಿ ಕೆಲವರು ತಮ್ಮತಮ್ಮಲ್ಲಿ ಸ್ವಾಹಿಲಿ ಮಾತಾಡುವುದೂ ಕಿವಿಗೆ ಬಿದ್ದೀತು. ಜಂಜಿಬಾರ್ ಒಂದು ಕಾಲದಲ್ಲಿ ಒಮಾನಿ ಸುಲ್ತಾನರ ಕೈಯಲ್ಲಿತ್ತು, ಅಲ್ಲಿ ನೆಲೆಸಿದ್ದ ಎಷ್ಟೋ ಕುಟುಂಬಗಳು ಆಮೇಲೆ ಮರಳಿ ಬಂದವು.

ಸಂತೆ ಮುಗಿಸಿ ಸೀದಾ ಅಂಗಡಿಗೆ ನುಗ್ಗುವ ಮುಂಚೆ ತೋಟದ ಕಡೆ ಒಂದು ಸುತ್ತು ಹಾಕಿ. ಈ ಊರು ತಿನ್ನುವುದೆಲ್ಲ ಹುಟ್ಟಿದ್ದು ಫಲಜ್ ನೀರಿನಿಂದ. ಬೆಟ್ಟದ ಬುಡದ ಅಂತರ್ಜಲವನ್ನು ನೆಲದೊಳಗಿನ ಕಾಲುವೆಯಲ್ಲಿ, ಪಂಪಿಲ್ಲದೆ, ಬರೀ ಇಳಿಜಾರಿನ ಮೇಲೆ ಊರಿಗೆ ತರುವ ವ್ಯವಸ್ಥೆ ಇದು. ಕಾಸರಗೋಡು, ಬಂಟ್ವಾಳ ಕಡೆಯವರಿಗೆ ತಕ್ಷಣ ತಮ್ಮ ತೋಟದ ನೀರಿನ ಸುರಂಗ ನೆನಪಾಗುತ್ತದೆ, ಅದನ್ನೇ ಊರಿನಷ್ಟು ದೊಡ್ಡದು ಮಾಡಿ ಊಹಿಸಿಕೊಳ್ಳಿ. ನಿಜ್ವಾದ ಫಲಜ್ ದಾರಿಸ್ ಒಮಾನಿನಲ್ಲೇ ದೊಡ್ಡದು. 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಐದು ಫಲಜ್‌ಗಳಲ್ಲಿ ಇದೂ ಒಂದು. ನೀರು ಊರು ಮುಟ್ಟಿದಾಗ ಮೊದಲ ಹಕ್ಕು ಕುಡಿಯುವುದಕ್ಕೆ, ಆಮೇಲೆ ಮಸೀದಿ, ಸ್ನಾನ, ಕೊನೆಗೆ ತೋಟ. ತೋಟಕ್ಕೆ ನೀರು ಹಂಚುವುದು ಹೊತ್ತಿನ ಲೆಕ್ಕದಲ್ಲಿ. ಒಂದು ಅಥರ್ ಅಂದರೆ ಸುಮಾರು ಅರ್ಧ ಗಂಟೆಯ ನೀರು, ಹಗಲು ನೆಟ್ಟ ಕೋಲಿನ ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಅಳೆಯುತ್ತಿದ್ದರು. ಈಗ ಗಡಿಯಾರ ಬಂದಿದೆ, ಸರದಿ ಮಾತ್ರ ಹಾಗೇ ಇದೆ. ಆ ಕಾಲುವೆಯಲ್ಲಿ ಕೈ ತೊಳೆಯಬಹುದು, ಸೋಪು ಹಾಕಬೇಡಿ.

ಆ ನೀರಿನ ಬೆಳೆಯೇ ಖರ್ಜೂರ. ಸೂಕ್‌ನಲ್ಲಿ ಖರ್ಜೂರಕ್ಕೇ ಬೇರೆ ಕಟ್ಟಡ ಇದೆ, ರುಚಿ ನೋಡಲು ತಟ್ಟೆಯಲ್ಲಿ ಇಟ್ಟಿರುತ್ತಾರೆ, ಸಂಕೋಚ ಬೇಡ. ಖಲಾಸ್ ಹೊಂಬಣ್ಣದ್ದು, ಮೆತ್ತಗೆ, ಸಿಹಿ ಜಾಸ್ತಿಯಾದರೂ ಬಾಯಿ ಕಟ್ಟುವುದಿಲ್ಲ, ಮನೆಗೆ ಬಂದವರಿಗೆ ಇಡಲು ಇದೇ ಚೆಂದ. ಫರ್ದ್ ಕಪ್ಪಗೆ, ಸ್ವಲ್ಪ ಗಟ್ಟಿ, ಬಹಳ ದಿನ ಇರುತ್ತದೆ, ಊರಿಗೆ ಒಯ್ಯಲು ನಾನು ಇದನ್ನೇ ಹೇಳುತ್ತೇನೆ. ಖುನೈಜಿ ಕೆಂಪು ಛಾಯೆಯದು. ಬೇಸಿಗೆಯಲ್ಲಿ ಇಲ್ಲಿರುವ ಕಷ್ಟಕ್ಕೆ ಒಂದೇ ಸಮಾಧಾನ ತಾಜಾ ಹಣ್ಣು, ಅಂದರೆ ರುತಬ್. ಮೊದಲು ನಗಲ್ ಹಣ್ಣಾಗುತ್ತದೆ, ಆಮೇಲೆ ಒಂದೊಂದೇ ತಳಿ. ಅರ್ಧ ಗಟ್ಟಿ, ಅರ್ಧ ಜೇನಿನ ಹಾಗೆ ಕರಗಿದ ರುತಬ್ ಅನ್ನು ಪ್ಯಾಕೆಟ್ ಖರ್ಜೂರ ತಿಂದು ಬೆಳೆದವರು ಒಮ್ಮೆ ತಿನ್ನಲೇಬೇಕು.

ಇನ್ನೊಂದು ತಳಿ ಮಬ್ಸಲಿ. ಇದನ್ನು ಪೂರ್ತಿ ಹಣ್ಣಾಗುವ ಮುಂಚೆ ಕಿತ್ತು, ದೊಡ್ಡ ತಾಮ್ರದ ಕೊಪ್ಪರಿಗೆಯಲ್ಲಿ ಬೇಯಿಸಿ, ಬಿಸಿಲಿಗೆ ಒಣಗಿಸುತ್ತಾರೆ. ಹಿಂದಿನಿಂದಲೂ ಇದರ ದೊಡ್ಡ ಗಿರಾಕಿ ಭಾರತವೇ. ನಾವು ಅಂಟಿನ ಉಂಡೆಗೆ ಹಾಕುವ, ಬಾಣಂತಿಗೆ ಕೊಡುವ ಉತ್ತುತ್ತೆಯೂ ಹೀಗೆ ಒಣಗಿಸಿದ ಖರ್ಜೂರವೇ ಅಲ್ವಾ. ಅಮ್ಮನಿಗೋ ಅತ್ತೆಗೋ ಒಯ್ದು ಕೊಟ್ಟು, ಇದು ಒಣಗುವ ಅಂಗಳ ನೋಡಿದ್ದೇನೆ ಅಂತ ಹೇಳಿ, ಅವರಿಗೆ ಸಂತೋಷ ಆಗುತ್ತದೆ.

ಹಲ್ವಾ ಅಂಗಡಿ ಬಿಟ್ಟು ಮುಂದೆ ಹೋಗಬೇಡಿ. ಸಕ್ಕರೆ, ಗಂಜಿಹಿಟ್ಟು, ತುಪ್ಪ, ಏಲಕ್ಕಿ, ಕೇಸರಿ, ಗುಲಾಬಿ ನೀರು, ಗೋಡಂಬಿ ಬಾದಾಮಿ, ಇಷ್ಟೇ ಸಾಮಾನು. ಆದರೆ ತಾಮ್ರದ ಪಾತ್ರೆಯಲ್ಲಿ ಗಂಟೆಗಟ್ಟಲೆ ಕೈ ಬಿಡದೆ ತಿರುವಬೇಕು. ಉದ್ದನೆಯ ಸೌಟು, ಭುಜದಿಂದ ಬರುವ ಬಲ, ಅಂಚಿನಲ್ಲಿ ತುಪ್ಪ ಬಿಡುವ ಹೊತ್ತಿಗೆ ಬಣ್ಣ ಕಂದಾಗುತ್ತದೆ. ಗುಲಾಬಿ ನೀರು ಪಕ್ಕದ ಜಬಲ್ ಅಖ್ದರ್ ಬೆಟ್ಟದ್ದು. ಅಲ್ಲಿ ಮಾರ್ಚ್ ಕೊನೆಯಿಂದ ಮೇವರೆಗೆ ಹೂ ಕಿತ್ತು ಬಟ್ಟಿ ಇಳಿಸುತ್ತಾರೆ. ಹಳೆ ಪದ್ಧತಿಯಲ್ಲಿ ಮಣ್ಣಿನ ಒಲೆಯ ಮೇಲೆ ಇಳಿಸಿದ್ದು ಕಂದು ಬಣ್ಣದ್ದು, ಹೊಗೆಯ ವಾಸನೆ ಇರುತ್ತದೆ. ಕೆಟ್ಟಿದೆ ಅಂದುಕೊಳ್ಳಬೇಡಿ, ಇಲ್ಲಿನವರು ಅದನ್ನೇ ಹುಡುಕಿ ಕೊಳ್ಳುತ್ತಾರೆ. ಹಲ್ವಾವನ್ನು ಫ್ರಿಜ್ಜಿನಲ್ಲಿ ಇಟ್ಟರೆ ಗಟ್ಟಿಯಾಗುತ್ತದೆ, ಹೊರಗೇ ಇಡಿ, ವಾರಗಟ್ಟಲೆ ಕೆಡುವುದಿಲ್ಲ.

ಅಂಗಡಿಯವರು ಕೂರಿಸಿ ಕಹ್ವಾ, ಅಂದರೆ ಇಲ್ಲಿನ ಕಾಫಿ, ಕೊಟ್ಟರೆ ಬೇಡ ಅನ್ನಬೇಡಿ. ಹಾಲಿಲ್ಲ, ಸಕ್ಕರೆ ಇಲ್ಲ, ಏಲಕ್ಕಿ ಇದೆ. ಚಿಕ್ಕಮಗಳೂರು, ಕೊಡಗಿನ ಕಡೆಯವರಿಗೂ ಮೊದಲ ಗುಟುಕು ವಿಚಿತ್ರ ಅನಿಸಬಹುದು. ಮೊದಲು ಬಲಗೈಯಲ್ಲಿ ಒಂದು ಖರ್ಜೂರ, ಆಮೇಲೆ ಕಾಫಿ. ಚಿಕ್ಕ ಬಟ್ಟಲಿಗೆ ತಳದಲ್ಲಿ ಸ್ವಲ್ಪವೇ ಹಾಕುತ್ತಾರೆ, ಅದು ಜಿಪುಣತನ ಅಲ್ಲ, ಮತ್ತೆ ಮತ್ತೆ ಹಾಕಲೆಂದೇ ಹಾಗೆ. ಸಾಕಾದಾಗ ಬಟ್ಟಲನ್ನು ಆಚೀಚೆ ಅಲ್ಲಾಡಿಸಿ ಕೊಡಿ. ಸುಮ್ನೆ ಚಾಚಿದರೆ ಮತ್ತೆ ತುಂಬಿಸುತ್ತಾರೆ.

ಮೀನಿನ ಕಟ್ಟಡ ಕರಾವಳಿಯವರಿಗೆ ಇಷ್ಟವಾಗುತ್ತದೆ. ಸಮುದ್ರ ದೂರ ಇದ್ದರೂ ಬೆಳಗ್ಗೆ ಲಾರಿಯಲ್ಲಿ ಬಂಗುಡೆ, ಬೂತಾಯಿ, ಟ್ಯೂನ ಬರುತ್ತವೆ. ಅಂಜಲ್ ಬೇಕಿದ್ದರೆ ಒಂದು ವಿಷಯ ಗೊತ್ತಿರಲಿ: ಆಗಸ್ಟ್ 15ರಿಂದ ಅಕ್ಟೋಬರ್ 15ರವರೆಗೆ ಅದನ್ನು ಹಿಡಿಯುವುದಕ್ಕೂ ಮಾರುವುದಕ್ಕೂ ನಿಷೇಧ ಇದೆ. ತರಕಾರಿ ಕಡೆ ಬೆಟ್ಟದ ಬೆಳ್ಳುಳ್ಳಿ, ಮಳೆಗಾಲ ನಮ್ಮಲ್ಲಿ ಮುಗಿಯುವ ಹೊತ್ತಿಗೆ ಬೆಟ್ಟದ ದಾಳಿಂಬೆ, ವರ್ಷವಿಡೀ ಒಣ ನಿಂಬೆ, ಲೂಮಿ. ಸಾರಿಗೆ ಒಂದು ಲೂಮಿ ಚುಚ್ಚಿ ಹಾಕಿ ನೋಡಿ, ಹುಣಸೆಯೇ ಬೇಡ ಅನಿಸುತ್ತದೆ. ಕರಿಬೇವು, ನುಗ್ಗೆ, ತೆಂಗಿನಕಾಯಿ ಮಲಯಾಳಿ ಅಂಗಡಿಗಳಲ್ಲಿ ಸಿಗುತ್ತವೆ.

ಸಸ್ಯಾಹಾರಿಗಳು ಹೆದರಬೇಕಿಲ್ಲ, ಆದರೆ ಕೇಳಿ ತಿನ್ನಿ. ಹರೀಸ್ ನೋಡಲು ಗೋಧಿ ಪಾಯಸದ ಹಾಗಿದ್ದರೂ ಒಳಗೆ ಮಾಂಸ ಇರುತ್ತದೆ. ಬೇಳೆ ಸೂಪಿಗೂ ಕೆಲವು ಕಡೆ ಮಾಂಸದ ರಸ ಹಾಕುತ್ತಾರೆ. "ಬಿದೂನ್ ಲಹಮ್", ಮಾಂಸ ಇಲ್ಲದೆ, ಅಂತ ಹೇಳಿ. ಖುಬ್ಜ್ ರಗಾಗ್ ನಿಮಗೆ ಹೇಳಿ ಮಾಡಿಸಿದ್ದು: ಕಾದ ಕಬ್ಬಿಣದ ಹಂಚಿನ ಮೇಲೆ ಹಸಿ ಹಿಟ್ಟಿನ ಉಂಡೆಯನ್ನು ಕೈಯಿಂದಲೇ ಎಳೆದು ಕಾಗದದಷ್ಟು ತೆಳ್ಳಗೆ ಬಳಿಯುತ್ತಾರೆ, ಮೇಲೆ ಚೀಸ್, ಜೇನು. ಮೊಟ್ಟೆ ಬೇಡ ಅಂತ ಮೊದಲೇ ಹೇಳಬೇಕು. ಜೊತೆಗೆ ಕರಕ್ ಚಾಯ್, ನೂರೋ ಇನ್ನೂರೋ ಬೈಸಾ. ಸಾವಿರ ಬೈಸಾಕ್ಕೆ ಒಂದು ರಿಯಾಲ್, ದಶಾಂಶದ ನಂತರ ಮೂರು ಅಂಕಿ ಇರುತ್ತದೆ, ಹೊಸದರಲ್ಲಿ ಚಿಲ್ಲರೆ ಎಣಿಸಿ ತೆಗೆದುಕೊಳ್ಳಿ.

ಮಾಂಸ ತಿನ್ನುವವರು ಸಂಜೆ ಮತ್ತೆ ಬನ್ನಿ. ರಸ್ತೆ ಬದಿಯ ಕೆಂಡದ ಮೇಲೆ ಮಿಶ್ಕಾಕ್ ಸುಡುವ ವಾಸನೆಯೇ ದಾರಿ ತೋರಿಸುತ್ತದೆ, ಹುಣಸೆಯ ಗೊಜ್ಜು ಕೇಳಿ ಹಾಕಿಸಿಕೊಳ್ಳಿ. ಕೂತು ಊಟ ಮಾಡುವುದಾದರೆ ಮಾಂಸ, ಮಸಾಲೆ ಹಾಕಿದ ಕಬೂಲಿ ಅನ್ನ. ಅಕ್ಕಿ ಇಲ್ಲಿ ಬೆಳೆಯುವುದಿಲ್ಲ, ಒಮಾನ್ ಅದನ್ನು ಕಡಲಾಚೆಯಿಂದಲೇ ತರಿಸುತ್ತಾ ಬಂದಿದೆ, ಶತಮಾನಗಳ ಕಾಲ ಅದರಲ್ಲಿ ನಮ್ಮ ಕೆನರಾ ಕರಾವಳಿಯ ಅಕ್ಕಿಯೂ ಇತ್ತು. 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಮಸ್ಕತ್ತಿನಲ್ಲಿ ಮೈಸೂರಿನ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ಈ ದೇಶದಲ್ಲಿ ನಮ್ಮ ಕಡೆಯವರು ಹೊಸಬರೇನಲ್ಲ.

ಕೋಟೆ ನೋಡಬೇಡಿ ಅಂತ ನಾನು ಹೇಳುತ್ತಿಲ್ಲ. 17ನೇ ಶತಮಾನದಲ್ಲಿ ಇಮಾಮ್ ಸುಲ್ತಾನ್ ಬಿನ್ ಸೈಫ್ ಅಲ್-ಯಾರುಬಿ ಕಟ್ಟಿಸಿದ್ದು, ದುಂಡು ಬುರುಜು ಏರಿದರೆ ಸುತ್ತಲೂ ಖರ್ಜೂರದ ತೋಟ, ಆಚೆ ಬೆಟ್ಟ. ಕೆಳಗೆ ಖರ್ಜೂರದ ಉಗ್ರಾಣ ತಪ್ಪದೆ ನೋಡಿ. ನೆಲದಲ್ಲಿ ಸಾಲು ಸಾಲು ಸಣ್ಣ ಕಾಲುವೆ ಇದೆ, ಮೇಲೆ ಮೂಟೆ ಒಟ್ಟಿದಾಗ ಇಳಿದ ಪಾಕ ಅದರಲ್ಲಿ ಹರಿದು ಬರುತ್ತಿತ್ತು. ಆ ಪಾಕ ತಿನ್ನುವುದಕ್ಕೂ ಆಯ್ತು, ಕುದಿಸಿ ಬಾಗಿಲ ಮೇಲಿನ ಕಂಡಿಯಿಂದ ವೈರಿಗಳ ಮೇಲೆ ಸುರಿಯುವುದಕ್ಕೂ ಆಯ್ತು. ಬೆಳ್ಳಿಯ ಬಾಕು ಖಂಜರ್, ಹತ್ತಿರದ ಬಹ್ಲಾ ಊರಿನ ಮಡಕೆ ಕೊಳ್ಳುವವರು ಎಲ್ಲಿಯದು ಅಂತ ಕೇಳಿ ಕೊಳ್ಳಿ, ನಮ್ಮ ದೇಶದಿಂದಲೇ ಬಂದ ಸಾಮಾನೂ ಅದೇ ಕಪಾಟಿನಲ್ಲಿ ಇರುತ್ತದೆ.

ಬಟ್ಟೆ ಭುಜ, ಮಂಡಿ ಮುಚ್ಚುವಂತಿರಲಿ. ರಂಜಾನ್ ತಿಂಗಳಲ್ಲಿ ಹಗಲು ಹೊರಗೆ ತಿನ್ನುವುದು, ಕುಡಿಯುವುದು, ನೀರು ಕೂಡ, ಕಾನೂನಿಗೇ ವಿರುದ್ಧ, ಆಗ ಸಂತೆಯ ಓಡಾಟ ರಾತ್ರಿಗೆ ಇಟ್ಟುಕೊಳ್ಳಿ. ಈದ್‌ಗೆ ಮುಂಚಿನ ದಿನಗಳಲ್ಲಿ ಹಬ್ತಾ ಅನ್ನುವ ವಿಶೇಷ ಸಂತೆ ಸೇರುತ್ತದೆ, ಮಕ್ಕಳೂ ಹೊಸ ಬಟ್ಟೆಯಲ್ಲಿ ಬರುತ್ತಾರೆ. ಹಬ್ಬದಲ್ಲಿ ಮನೆಮನೆಯವರು ಮಸಾಲೆ ಹಚ್ಚಿದ ಮಾಂಸವನ್ನು ಎಲೆಯಲ್ಲಿ ಸುತ್ತಿ, ಗುರುತು ಕಟ್ಟಿ, ಕೇರಿಯ ಕೆಂಡದ ಗುಂಡಿಗೆ ಇಳಿಸಿ ಮುಚ್ಚುತ್ತಾರೆ. ಒಂದೆರಡು ದಿನ ಬಿಟ್ಟು ತೆಗೆಯುವ ಅದೇ ಶುವಾ. ಹೋಟೆಲಿನಲ್ಲೂ ಸಿಗುತ್ತದೆ, ಆದರೆ ಸಹೋದ್ಯೋಗಿಗಳು ಮನೆಗೆ ಕರೆದರೆ ಖಂಡಿತ ಹೋಗಿ. ಹಲ್ವಾದ ಡಬ್ಬಿಯೊಂದು ಕೈಯಲ್ಲಿರಲಿ, ಅದನ್ನೂ ಹಬ್ತಾ ದಿನವೇ ಕೊಂಡಿಟ್ಟುಕೊಳ್ಳಿ, ಈದ್ ಶುರುವಾದ ಮೇಲೆ ಸೂಕ್‌ನ ಬಹುಪಾಲು ಅಂಗಡಿ ಕೆಲವು ದಿನ ತೆರೆಯುವುದಿಲ್ಲ.