ಕಾಸರಗೋಡಲ್ಲಿ ಇದ್ದೂ ತುಳು ಬಾರದವ್ರಿಗೆ: ಯಾಕೆ ಕಲಿಯುದು, ಹೇಗೆ ಕಲಿಯುದು

ಕಾಸರಗೋಡು ಸಪ್ತಭಾಷಾ ಸಂಗಮ ಭೂಮಿ ಅಂತ ಭಾಷಣ ಮಾಡುವವ್ರಿಗೆ ನಮ್ಮಲ್ಲಿ ಬರ ಇಲ್ಲ. ಆ ಏಳು ಯಾವ್ದು ಅಂತ ಕೇಳಿದ್ರೆ ಮಾತ್ರ ಒಬ್ಬೊಬ್ರು ಒಂದೊಂದು ಪಟ್ಟಿ ಕೊಡ್ತಾರೆ, ಕನ್ನಡ ಮಲಯಾಳ ತುಳು ಕೊಂಕಣಿ ಬ್ಯಾರಿ ಮರಾಠಿ ಉರ್ದು ಅಂತ ಒಬ್ರು, ಅದ್ರಲ್ಲಿ ಒಂದು ತೆಗ್ದು ಕರಾಡ ಸೇರಿಸುವವ್ರು ಇನ್ನೊಬ್ರು, ಕೊರಗ ಭಾಷೆ ಅಂತೂ ಹೆಚ್ಚಿನವ್ರ ಪಟ್ಟಿಗೇ ಬರುದಿಲ್ಲ. ಇರ್ಲಿ. ಇಷ್ಟು ಭಾಷೆ ಮಧ್ಯೆ ಹುಟ್ಟಿ ಬೆಳೆದ ಎಷ್ಟೋ ಕನ್ನಡದವ್ರಿಗೆ ಆಚೆಮನೆಯವ್ರ ತುಳು ಕಿವಿಗೆ ಬಿದ್ರೆ ಅರ್ಧ ಅರ್ಥ ಆಗ್ತದೆ, ಬಾಯಿ ಬಿಟ್ಟು ಮಾತಾಡ್ಲಿಕ್ಕೆ ಹೋದ್ರೆ ಕನ್ನಡವೇ ಬರ್ತದೆ. ಇದು ಅವ್ರಿಗಾಗಿ ಬರ್ದದ್ದು. ಕೆಲ್ಸಕ್ಕೆ ಅಂತ ಮಂಜೇಶ್ವರ, ಉಪ್ಪಳ, ಬದಿಯಡ್ಕ ಕಡೆಗೆ ಹೊಸತಾಗಿ ಬಂದವ್ರಿಗೂ ಆಗ್ತದೆ.

ಮೊದ್ಲು ಕಾರಣ ಸರಿ ಮಾಡ್ಕೊಳ್ಳಿ. "ಭಾಷೆ ಉಳಿಸ್ಲಿಕ್ಕೆ ಕಲೀತೇನೆ" ಅನ್ನುವ ಕಾರಣ ಕೇಳ್ಲಿಕ್ಕೆ ಚಂದ, ಆದ್ರೆ ಅದ್ರಲ್ಲಿ ಯಾರೂ ತುಂಬ ದಿನ ಕಲಿಯುದಿಲ್ಲ ಮಾರಾಯ್ರೆ, ಯಾಕಂದ್ರೆ ಅದಕ್ಕೆ ಮುಖ ಇಲ್ಲ, ನೀವು ನಾಳೆ ಕಲೀದಿದ್ರೆ ಕೇಳುವವ್ರು ಯಾರೂ ಇಲ್ಲ. 2011ರ ಜನಗಣತಿಯಲ್ಲಿ ತುಳು ಮಾತೃಭಾಷೆ ಅಂತ ಬರೆಸಿದವ್ರು 18,46,427 ಜನ. ಸಂವಿಧಾನದ 8ನೇ ಪರಿಚ್ಛೇದದಲ್ಲಿ ಜಾಗ ಸಿಗ್ಲಿಲ್ಲ ನಿಜ (ಕೊಂಕಣಿಗೆ 1992ರಲ್ಲೇ ಸಿಕ್ಕಿತು), ಆದ್ರೆ ನೀವೊಬ್ರು ಕಲಿಯುದ್ರಿಂದ ಅದು ಉಳಿಯುದೂ ಇಲ್ಲ, ಕಲೀದಿದ್ರೆ ಸಾಯುದೂ ಇಲ್ಲ. ಬದ್ಲಿಗೆ ಒಬ್ಬ ಮನುಷ್ಯನನ್ನು ಕಾರಣ ಮಾಡಿ. ಅತ್ತೆ ಮನೆಯ ಅಜ್ಜಿ, ತೋಟದ ಕೆಲ್ಸಕ್ಕೆ ಬರುವ ಅಕ್ಕ, ಕ್ಲಿನಿಕ್ಕಿಗೆ ಬರುವ ವಯಸ್ಸಾದ ಪೇಶೆಂಟ್, ಪಂಚಾಯತ್ ಆಫೀಸಿನ ಕೌಂಟರಲ್ಲಿ ಅರ್ಜಿ ಹಿಡ್ಕೊಂಡು ನಿಂತವ್ರು, ಯಾರಾದ್ರೂ ಒಬ್ರು. ಆ ಮನುಷ್ಯ ಯಾರು ಅಂತ ಗೊತ್ತಾದ್ರೆ ಯಾವ ಶಬ್ದ ಮೊದ್ಲು ಬೇಕು, ಯಾರ ತುಳು ಬೇಕು, ಎಷ್ಟು ಸಾಕು, ಎಲ್ಲ ತನ್ನಷ್ಟಕ್ಕೆ ನಿರ್ಧಾರ ಆಗ್ತದೆ. ನರ್ಸ್ ಆದವ್ರಿಗೆ "ಓಲು ಬೇನೆ ಆಪುಂಡು" (ಎಲ್ಲಿ ನೋವಾಗ್ತದೆ) ಅಂತ ಕೇಳ್ಲಿಕ್ಕೆ, ತರೆಬೇನೆ ಬಂಜಿಬೇನೆ ಅಂದ್ರೆ ತಲೆನೋವು ಹೊಟ್ಟೆನೋವು ಅಂತ ತಿಳಿಲಿಕ್ಕೆ ಬಂದ್ರೆ ಮೊದ್ಲ ವಾರಕ್ಕೆ ಅದೇ ಧಾರಾಳ. ಕೋಲದಲ್ಲಿ ಭೂತ (ದೈವ) ಹೇಳುವ ನುಡಿಕಟ್ಟು ಅರ್ಥ ಆಗ್ಬೇಕು ಅನ್ನುವವ್ರ ದಾರಿ ಬೇರೆಯೇ, ಅದು ದೂರದ ದಾರಿ.

ಇದ್ರಿಂದ ಕೆಲ್ಸ ಸಿಗ್ತದಾ, ದುಡ್ಡು ಬರ್ತದಾ ಅಂತ ಕೇಳಿದ್ರೆ, ಇಲ್ಲ. ಆದ್ರೆ ಇರುವ ಕೆಲ್ಸ ಸಲೀಸಾಗ್ತದೆ.

ಇನ್ನೊಂದು ಕಾರಣ ಹೇಳ್ಲೇಬೇಕು, ಕೆಲವ್ರಿಗೆ ಸಿಟ್ಟು ಬರ್ಬಹುದು. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದ ದಿನದಿಂದ ಕನ್ನಡಕ್ಕೆ ಜಾಗ ಕೊಡಿ, ಕನ್ನಡದಲ್ಲಿ ಅರ್ಜಿ ಕೊಡಿ, ಕನ್ನಡ ಗೊತ್ತಿರುವ ಮಾಷ್ಟ್ರನ್ನು ಹಾಕಿ ಅಂತ ಕೇಳ್ತಾ ಬಂದವ್ರು ನಾವು, ಅದು ಸರಿಯೇ. ಆದ್ರೆ ನಮ್ಮ ಅಂಗಳಕ್ಕೆ ಬರುವ ತುಳುವಿನವ್ರು ನಮ್ಮತ್ರ ಕನ್ನಡದಲ್ಲೇ ಮಾತಾಡ್ಬೇಕು ಅಂತ ನಾವು ಹೇಳದೆಯೇ ಅಂದ್ಕೊಂಡಿದ್ದೇವಲ್ಲ, ಅದಕ್ಕೆ ಎಂತ ಹೇಳುದು? ಕಯ್ಯಾರ ಕಿಞ್ಞಣ್ಣ ರೈಗಳು ಕಾಸರಗೋಡು ಕರ್ನಾಟಕಕ್ಕೆ ಸೇರ್ಬೇಕು ಅಂತ ಹೋರಾಡಿದವ್ರು, ಅವ್ರೇ ತುಳುವಿನಲ್ಲೂ ಕವಿತೆ ಬರೆದವ್ರು. ಅವ್ರಿಗೆ ಒಂದು ಇನ್ನೊಂದಕ್ಕೆ ಅಡ್ಡ ಬರ್ಲಿಲ್ಲ.

ಇನ್ನು ಕಲಿಯುವ ವಿಷಯ. ನಮ್ಮ ಕನ್ನಡ ಮನೆಗಳಲ್ಲಿ ತುಳು ಇಲ್ವೇ ಇಲ್ಲ ಅಂತ ಅಲ್ಲ, ಉಂಟು, ಆದ್ರೆ ಅದು ಕೆಲ್ಸ ಹೇಳುವ ತುಳು. ಬಲ, ಪೋಲ, ಕೊರ್ಲ, ಕನಲ. ಬಾ, ಹೋಗು, ಕೊಡು, ತಾ. ತಲೆಮಾರಿನಿಂದ ಅಂಗಳದ ಆಚೆಗೆ ಕೂಗಿ ಹೇಳಿದ ನಾಲ್ಕು ಶಬ್ದ, ಎಲ್ಲ ಏಕವಚನ. ತುಳು ಬರ್ತದಾ ಕೇಳಿದ್ರೆ "ಓ, ಬರ್ತದೆ" ಅಂತ ಇದನ್ನೇ ಹೇಳ್ತಾರೆ. ಕಲಿಯುವವ್ರು ಮೊಟ್ಟಮೊದ್ಲು ಮಾಡ್ಬೇಕಾದ್ದು ಇದನ್ನು ಬಿಡುದು. ಆ 'ಲ' ಇದ್ದಲ್ಲಿ 'ಲೆ' ಹಾಕಿ: ಬಲೆ, ಪೋಲೆ, ಕೊರ್ಲೆ, ಕುಲ್ಲುಲೆ (ಕೂತ್ಕೊಳ್ಳಿ). ನೀನು ಅನ್ಲಿಕ್ಕೆ 'ಈ', ನೀವು ಅನ್ಲಿಕ್ಕೆ 'ಈರ್', ತುಂಬ ಜನ ಇದ್ರೆ 'ನಿಕುಲು'. ಸಣ್ಣ ಮಕ್ಕಳನ್ನು ಬಿಟ್ಟು ಬೇರೆ ಎಲ್ರಿಗೂ ಈರ್ ಅಂತಲೇ ಸುರು ಮಾಡಿ, ಕೆಲ್ಸಕ್ಕೆ ಬರುವವ್ರಿಗೂ. ನಿಮ್ಮ ಮನೆಯ ಹಿರಿಯರು ನಗಾಡ್ಬಹುದು, ನಗಾಡ್ಲಿ.

ಆಮೇಲೆ ಶಬ್ದದ ಪಟ್ಟಿ ಬಾಯಿಪಾಠ ಮಾಡ್ಲಿಕ್ಕೆ ಹೋಗ್ಬೇಡಿ, ಮಾತು ಮುಂದುವರಿಸುವ ವಾಕ್ಯ ಕಲೀರಿ. "ಎಂಕ್ ತುಳು ಸರಿ ಬರ್ಪುಜಿ, ಮೆಲ್ಲ ಪಾತೆರ್ಲೆ" ಅಂದ್ರೆ ನಂಗೆ ತುಳು ಸರಿ ಬರುದಿಲ್ಲ, ಮೆಲ್ಲ ಮಾತಾಡಿ ಅಂತ. "ಇಂದೆಕ್ ದಾದ ಪನ್ಪೆರ್" ಅಂದ್ರೆ ಇದಕ್ಕೆ ಎಂತ ಹೇಳ್ತಾರೆ. "ಕುಡೊರ ಪನ್ಲೆ", ಇನ್ನೊಮ್ಮೆ ಹೇಳಿ. ಈ ಮೂರು ಇದ್ರೆ ಎದುರಿನವ್ರೇ ನಿಮ್ಗೆ ಮಾಷ್ಟ್ರು. ಶಬ್ದಗಳು ಅರ್ಧಕ್ಕರ್ಧ ನಿಮ್ಗೆ ಗೊತ್ತಿದ್ದದ್ದೇ, ಮೀನು ಮೀನೇ, ನೀರು ನೀರೇ. ಮನೆಗೆ 'ಇಲ್ಲ್' ಅಂತಾರೆ, ಅದೊಂದು ಸುರುವಿಗೆ ಗಲಿಬಿಲಿ ಮಾಡ್ತದೆ ಅಷ್ಟೆ.

ವ್ಯಾಕರಣದಲ್ಲಿ ಎರಡು ಜಾಗ ಕಷ್ಟ ಉಂಟು. ಕನ್ನಡದಲ್ಲಿ ನಾವು ಅಂದ್ರೆ ಒಂದೇ. ತುಳುವಿನಲ್ಲಿ ಎದುರಿನವ್ರನ್ನೂ ಸೇರಿಸಿ ಹೇಳುವಾಗ 'ನಮ', ಅವ್ರನ್ನು ಬಿಟ್ಟು ಹೇಳುವಾಗ 'ಎಂಕುಲು'. ಇದಕ್ಕೆ ಹೆದರುದು ಬೇಡ, ಮಲಯಾಳದಲ್ಲಿ ನಮ್ಮಳ್, ಞಂಙಳ್ ಅಂತ ಇದೇ ಲೆಕ್ಕ ಉಂಟು, ಕಾಸರಗೋಡಿನ ಪೇಟೆಯಲ್ಲಿ ಬಸ್ಸು ಹತ್ತಿ ಇಳಿದವ್ರಿಗೆ ಅದು ಆಗ್ಲೇ ಬಂದಿರ್ತದೆ, ಬೆಂಗಳೂರಿನವ್ರಿಗಿಂತ ನಾವು ಒಂದು ಹೆಜ್ಜೆ ಮುಂದೆ. ಎರಡ್ನೇದು ನಿಜವಾಗಿ ಕಷ್ಟ. ನಾನು ಹೋಗ್ತೇನೆ ಅನ್ಲಿಕ್ಕೆ "ಯಾನ್ ಪೋಪೆ", ಅವ ಹೋಗ್ತಾನೆ ಅನ್ಲಿಕ್ಕೆ "ಆಯೆ ಪೋಪೆ". ಬರೆದ್ರೆ ಎರಡೂ ಒಂದೇ. ಆದ್ರೆ ಮಾತಾಡುವಾಗ ನಾನು ಅನ್ನುವಲ್ಲಿ ಕೊನೆಯ 'ಎ' ಬಾಯಿ ಅಗಲಿಸಿ ಹೇಳುವ ಎ, ಅವ ಅನ್ನುವಲ್ಲಿ ಮಾಮೂಲು ಎ. ಕನ್ನಡ ಲಿಪಿಯಲ್ಲಿ ಇದಕ್ಕೆ ಬೇರೆ ಅಕ್ಷರ ಇಲ್ಲ, ಹಾಗಾಗಿ ಪುಸ್ತಕದಿಂದ ಮಾತ್ರ ಕಲಿತವ್ರು ಇಲ್ಲಿ ಸಿಕ್ಕಿ ಬೀಳ್ತಾರೆ. ಕಿವಿಯಿಂದಲೇ ಕಲೀಬೇಕು, ಬೇರೆ ದಾರಿ ಇಲ್ಲ.

ಕಿವಿಗೆ ಎಲ್ಲಿ ಸಿಗ್ತದೆ? ಯೂಟ್ಯೂಬಲ್ಲಿ ತುಳು ನಾಟಕ, ಕಾಮಿಡಿ ರಾಶಿ ಉಂಟು, ಆದ್ರೆ ಸುರುವಿಗೆ ಅದು ಬೇಡ ಅಂತ ನನ್ನ ಅಭಿಪ್ರಾಯ. ಒಂದು ಡೈಲಾಗಿಗೆ ನಾಲ್ಕು ಎರಡರ್ಥದ ಮಾತು, ಎಲ್ರೂ ನಗುವಾಗ ನೀವು ಮುಖ ಮುಖ ನೋಡ್ಬೇಕು, ಮತ್ತೆ ಹೆಚ್ಚಿನದ್ದು ಮಂಗ್ಳೂರು ಪೇಟೆಯ ತುಳು. ಆಕಾಶವಾಣಿ ಮಂಗ್ಳೂರಿನ ತುಳು ಕಾರ್ಯಕ್ರಮ ಒಳ್ಳೇದು, ಮಾತು ಬಿಡಿಸಿ ಬಿಡಿಸಿ ಬರ್ತದೆ. ಎಲ್ಲದಕ್ಕಿಂತ ಒಳ್ಳೇದು ಅಡಿಕೆ ಸುಲಿಯುವಲ್ಲಿ ಹೋಗಿ ಕೂರುದು. ಕೈಗೆ ಕೆಲ್ಸ, ಬಾಯಿಗೆ ಪುರುಸೊತ್ತು, ಊರಿನ ಮದುವೆ, ಜಗಳ, ಕೋಲ, ಮೀನಿನ ರೇಟು ಎಲ್ಲ ಗಂಟೆಗಟ್ಲೆ ಬರ್ತದೆ, ಒಂದೇ ಕಥೆ ಮೂರು ಸಲ ಬರ್ತದೆ, ಭಾಷೆ ಕಲಿಯುವವ್ರಿಗೆ ಅದಕ್ಕಿಂತ ಎಂತ ಬೇಕು. ಪಾಡ್ದನ (ಭೂತಗಳ ಕಥೆ ಹೇಳುವ ಜನಪದ ಹಾಡು) ಕೇಳಿ ಕಲೀತೇನೆ ಅನ್ನುವವ್ರು ಒಂದು ವರ್ಷ ತಡೀರಿ, ಅದು ಹಳೇ ಮಾತು, ತುಳುವಿನವ್ರಿಗೇ ಎಲ್ಲ ಅರ್ಥ ಆಗುದಿಲ್ಲ.

ಆದ್ರೆ ದೊಡ್ಡ ತೊಂದ್ರೆ ಬೇರೆ ಉಂಟು. ನಮ್ಮೂರಲ್ಲಿ ಎಲ್ರಿಗೂ ಮೂರು ನಾಲ್ಕು ಭಾಷೆ ಬರ್ತದೆ. ನೀವು ಕಷ್ಟಪಟ್ಟು ಒಂದು ತುಳು ವಾಕ್ಯ ಜೋಡಿಸಿ ಹೇಳಿದ್ರೆ ಎದುರಿನವ್ರು ನಿಮ್ಗೆ ಉಪಕಾರ ಆಗ್ಲಿ ಅಂತ ಕನ್ನಡದಲ್ಲಿ ಉತ್ತರ ಕೊಡ್ತಾರೆ, ಅಲ್ಲಿಗೆ ಮುಗೀತು. ಇದಕ್ಕೆ ಉಪಾಯ: ವಯಸ್ಸಾದವ್ರು ಮತ್ತೆ ಶಾಲೆಗೆ ಹೋಗದ ಸಣ್ಣ ಮಕ್ಕಳು ಭಾಷೆ ಬದ್ಲಾಯಿಸುದು ಕಮ್ಮಿ, ಅವ್ರತ್ರ ಹೆಚ್ಚು ಮಾತಾಡಿ. ಉಳಿದವ್ರಲ್ಲಿ ಒಬ್ರನ್ನು ಹಿಡ್ದು "ಅಕ್ಕ, ಇನ್ನು ನನ್ನತ್ರ ತುಳುವಿನಲ್ಲೇ ಮಾತಾಡಿ, ನಾನು ಕನ್ನಡ ಮಾತಾಡಿದ್ರೂ ನೀವು ಬಿಡ್ಬೇಡಿ" ಅಂತ ಮೊದ್ಲೇ ಹೇಳಿ ಇಡಿ. ಹತ್ತು ಜನರತ್ರ ಸ್ವಲ್ಪ ಸ್ವಲ್ಪ ಮಾತಾಡುದಕ್ಕಿಂತ ಒಬ್ರತ್ರ ಪೂರ್ತಿ ಮಾತಾಡುದು ಲಾಯ್ಕ. ಆಗ ಇನ್ನೊಂದು ತಲೆಬಿಸಿಯೂ ತಪ್ತದೆ, ಬ್ರಾಹ್ಮಣರ ತುಳು ಬೇರೆ, ಉಳಿದವ್ರ ತುಳು ಬೇರೆ, ಉಡುಪಿದು ಬೇರೆ, ನಮ್ಮದು ಬೇರೆ, ಶುದ್ಧ ಯಾವ್ದು ಅಂತ ಜಗಳ ಮಾಡುವವ್ರು ಮಾಡ್ಲಿ, ನಿಮ್ಮ ಅಕ್ಕ ಹೇಗೆ ಮಾತಾಡ್ತಾರೋ ಅದೇ ನಿಮ್ಮ ತುಳು.

ಪುಸ್ತಕ ಬೇಕೇ ಬೇಕು ಅನ್ನುವವ್ರಿಗೆ: ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದ ತುಳು ನಿಘಂಟು ಆರು ಸಂಪುಟ, ಯು.ಪಿ. ಉಪಾಧ್ಯಾಯರ ಸಂಪಾದಕತ್ವ, ಯಾವ ಕಡೆ ಯಾರು ಹೇಗೆ ಹೇಳ್ತಾರೆ ಅಂತ ಅದ್ರಲ್ಲಿ ಸಿಗ್ತದೆ. ಬಾಸೆಲ್ ಮಿಶನಿನವ್ರು 1872ರಲ್ಲಿ ವ್ಯಾಕರಣ, 1886ರಲ್ಲಿ ನಿಘಂಟು ಮಾಡಿದ್ದೂ ಉಂಟು, ಆದ್ರೆ ಅದು ಇಂಗ್ಲಿಷಲ್ಲಿ. ತುಳು ವಿಕಿಪೀಡಿಯ 2016ರಿಂದ ಉಂಟು. ಗೂಗಲ್ ಟ್ರಾನ್ಸ್‌ಲೇಟಿಗೂ 2024ರಲ್ಲಿ ತುಳು ಬಂತು, ಒಂದು ಶಬ್ದ ನೋಡ್ಲಿಕ್ಕೆ ಅಡ್ಡಿ ಇಲ್ಲ, ಇಡೀ ವಾಕ್ಯ ಹಾಕಿ ಅದನ್ನೇ ಅಜ್ಜಿಯತ್ರ ಹೇಳ್ಬೇಡಿ.

ತುಳು ಅಲ್ಲದೆ ಬೇರೆ ಭಾಷೆ ಆದ್ರೆ? ಬ್ಯಾರಿ ಕಲೀಬೇಕಿದ್ರೆ ಮಲಯಾಳ ಗೊತ್ತಿದ್ದವ್ರಿಗೆ ಬೇಗ ಬರ್ತದೆ, ಮೇಲಿನ ಕ್ರಮವೇ ಸಾಕು. ಕೊರಗ ಭಾಷೆಯ ವಿಷಯದಲ್ಲಿ ಮಾತ್ರ ಅವಸರ ಬೇಡ. ಕೊರಗರಿಗೆ ಕೂದಲು ಉಗುರು ಬೆರೆಸಿದ ಅನ್ನ ತಿನ್ನಿಸುವಂಥ ಅಜಲು ಅನ್ನುವ ಹೀನ ಪದ್ಧತಿಯನ್ನು ಕರ್ನಾಟಕ ಕಾನೂನು ಮಾಡಿ ನಿಷೇಧಿಸಿದ್ದೇ 2000ದಲ್ಲಿ, ಅಷ್ಟು ಸಮಯ ಅವ್ರನ್ನು ಹೇಗೆ ನಡೆಸಿಕೊಂಡದ್ದು ಅಂತ ಗೊತ್ತಿದ್ರೆ ಮೊಬೈಲ್ ಹಿಡ್ಕೊಂಡು "ನಿಮ್ಮ ಭಾಷೆಯಲ್ಲಿ ಒಂದು ಮಾತು ಹೇಳಿ" ಅಂತ ಮನೆ ಬಾಗಿಲಿಗೆ ಹೋಗ್ಲಿಕ್ಕೆ ಆಗುದಿಲ್ಲ. ಮೊದ್ಲು ಪರಿಚಯ, ಕಲಿಸುವ ಮನಸ್ಸು ಅವ್ರಿಗೆ ಉಂಟಾ ಅಂತ ಆಮೇಲೆ ಕೇಳಿ, ಇಲ್ಲ ಅಂದ್ರೆ ಬಿಡಿ.

ಲಿಪಿ ಕೊನೆಗೆ. ತುಳು ಲಿಪಿಯ ತಾಳೆಗರಿ ಹುಡುಕಿ ಹಳೇ ತುಳು ಕಾವ್ಯಗಳನ್ನು ಬೆಳಕಿಗೆ ತಂದ ವೆಂಕಟರಾಜ ಪುಣಿಂಚತ್ತಾಯರು ನಮ್ಮ ಕಾಸರಗೋಡಿನವ್ರೇ, ಆ ಅಭಿಮಾನ ಇರ್ಲಿ, ಮಲಯಾಳ ಓದ್ಲಿಕ್ಕೆ ಬರುವವ್ರಿಗೆ ಆ ಅಕ್ಷರ ನೋಡಿದ ಹಾಗೆ ಅನಿಸ್ತದೆ, ಬೇಗ ಕಲೀಬಹುದು. ಯುನಿಕೋಡಿಗೂ 2024ರಲ್ಲಿ ತುಳು-ತಿಗಳಾರಿ ಅಂತ ಸೇರಿತು. ಆದ್ರೆ ಮಾತು ಬರುವ ಮೊದ್ಲೇ ಲಿಪಿ ಕಲಿತು ಹೆಸರು ಬರ್ದು ಸ್ಟೇಟಸ್ ಹಾಕಿ ಅಲ್ಲಿಗೇ ನಿಲ್ಲಿಸಿದವ್ರು ತುಂಬ ಜನ ಇದ್ದಾರೆ. ಫಾಂಟ್ ಇಲ್ಲದ ಮೊಬೈಲಲ್ಲಿ ಅದು ಬರೀ ಚೌಕ ಚೌಕ ಕಾಣುದು ಬೇರೆ. ಅಕ್ಕನಿಗೆ ವಾಟ್ಸಾಪ್ ಮೆಸೇಜ್ ಕನ್ನಡ ಅಕ್ಷರದಲ್ಲೇ ತುಳು ಬರ್ದು ಕಳಿಸಿ, ತಪ್ಪಿದ್ರೆ ಅವ್ರೇ ವಾಯ್ಸ್ ಮೆಸೇಜ್ ಹಾಕಿ ಸರಿ ಮಾಡ್ತಾರೆ.