ವಿದ್ಯುದಾವೇಶದ ಏಕಮಾನಗಳನ್ನು ಪರಿವರ್ತಿಸುವ ಬಗೆ

ವಿದ್ಯುದಾವೇಶವನ್ನು ಬ್ಯಾಟರಿಯ ಮೇಲೆ ಮಿಲಿಆಂಪಿಯರ್-ಅವರ್‌ನಲ್ಲಿ, ಭೌತವಿಜ್ಞಾನದ ಪಠ್ಯದಲ್ಲಿ ಕೂಲಮ್‌ನಲ್ಲಿ, ಪರಮಾಣುಗಳ ಲೆಕ್ಕದಲ್ಲಿ ಎಲೆಕ್ಟ್ರಾನಿನ ಆವೇಶದಲ್ಲಿ ಹೇಳುವುದು ರೂಢಿ. ಇವುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ನೇರವಾಗಿ ಹೋಗುವ ಸೂತ್ರಗಳನ್ನೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ. ಕೊಟ್ಟ ಬೆಲೆಯನ್ನು ಮೊದಲು ಕೂಲಮ್‌ಗೆ ತಂದು, ಆಮೇಲೆ ಬೇಕಾದ ಏಕಮಾನಕ್ಕೆ ಬದಲಾಯಿಸುವುದೇ ಸುರಕ್ಷಿತವಾದ ದಾರಿ.

ಒಂದು ಆಂಪಿಯರ್ ಪ್ರವಾಹವು ಒಂದು ಸೆಕೆಂಡಿನಲ್ಲಿ ಸಾಗಿಸುವ ಆವೇಶವೇ ಒಂದು ಕೂಲಮ್. ಒಂದು ಗಂಟೆಗೆ 3600 ಸೆಕೆಂಡುಗಳಿರುವುದರಿಂದ ಒಂದು ಆಂಪಿಯರ್-ಅವರ್ ಎಂದರೆ 3600 ಕೂಲಮ್, ಒಂದು ಮಿಲಿಆಂಪಿಯರ್-ಅವರ್ ಎಂದರೆ ಅದರ ಸಾವಿರದಲ್ಲೊಂದು ಭಾಗ, ಅಂದರೆ 3.6 ಕೂಲಮ್. 5000 ಮಿಲಿಆಂಪಿಯರ್-ಅವರ್ ಎಂದು ಬರೆದಿರುವ ಮೊಬೈಲ್ ಬ್ಯಾಟರಿಯನ್ನು ತೆಗೆದುಕೊಂಡರೆ, 5000 × 3.6 = 18,000 ಕೂಲಮ್. ಹಿಂದಕ್ಕೆ ಬರಬೇಕಾದರೆ 3.6ರಿಂದ ಭಾಗಿಸಬೇಕು, 900 ಕೂಲಮ್ ಎಂದರೆ 250 ಮಿಲಿಆಂಪಿಯರ್-ಅವರ್.

ಇಲ್ಲಿ ಬಹಳ ಜನ ಎಡವುವುದು ವಾಟ್-ಅವರ್ ಎದುರಾದಾಗ. ಅದು ಶಕ್ತಿಯ ಏಕಮಾನವೇ ಹೊರತು ಆವೇಶದ್ದಲ್ಲ. ಆದ್ದರಿಂದ ವೋಲ್ಟೇಜ್ ತಿಳಿಯದೆ ಅದನ್ನು ಕೂಲಮ್‌ಗೆ ಬದಲಾಯಿಸಲು ಸಾಧ್ಯವೇ ಇಲ್ಲ. 37 ವಾಟ್-ಅವರ್‌ನ ಬ್ಯಾಟರಿಯ ವೋಲ್ಟೇಜ್ 3.7 ವೋಲ್ಟ್ ಎಂದು ಕೊಟ್ಟಿದ್ದರೆ, 37 ÷ 3.7 = 10 ಆಂಪಿಯರ್-ಅವರ್, ಅಂದರೆ 36,000 ಕೂಲಮ್ ಎಂದು ಬರುತ್ತದೆ.

ಮೈಕ್ರೊ, ನ್ಯಾನೊ, ಪಿಕೊ ಕೂಲಮ್‌ಗಳು ಕ್ರಮವಾಗಿ 10⁻⁶, 10⁻⁹, 10⁻¹² ಕೂಲಮ್. ದಶಮಾಂಶ ಬಿಂದುವನ್ನು ಸರಿಸುತ್ತಾ ಹೋಗುವುದಕ್ಕಿಂತ ಘಾತಾಂಕಗಳಲ್ಲೇ ಬರೆದುಕೊಂಡರೆ ಸೊನ್ನೆಗಳು ತಪ್ಪುವುದಿಲ್ಲ.

ಎಲೆಕ್ಟ್ರಾನಿನ ಆವೇಶದ ಪರಿಮಾಣವನ್ನು 2019ರ ಮೇ 20ರಿಂದ ನಿಖರವಾಗಿ 1.602176634 × 10⁻¹⁹ ಕೂಲಮ್ ಎಂದು ನಿಗದಿಪಡಿಸಲಾಗಿದ್ದು, ಈಗ ಆಂಪಿಯರ್‌ನ ವ್ಯಾಖ್ಯೆಯೂ ಇದನ್ನೇ ಆಧರಿಸಿದೆ. ಒಂದು ನ್ಯಾನೊಕೂಲಮ್‌ನಲ್ಲಿ ಎಷ್ಟು ಎಲೆಕ್ಟ್ರಾನುಗಳ ಆವೇಶವಿದೆ ಎಂದು ತಿಳಿಯಲು 10⁻⁹ ಅನ್ನು ಈ ಬೆಲೆಯಿಂದ ಭಾಗಿಸಿದರೆ ಸುಮಾರು 6.24 × 10⁹, ಅಂದರೆ 624 ಕೋಟಿ, ಎಂಬ ಉತ್ತರ ಸಿಗುತ್ತದೆ. ಅಷ್ಟು ಅಲ್ಪ ಆವೇಶದಲ್ಲೂ ಇಷ್ಟೊಂದು ಎಲೆಕ್ಟ್ರಾನುಗಳಿರುವುದು ನಿಜಕ್ಕೂ ಬೆರಗಿನ ವಿಷಯ. ವಿದ್ಯುದ್ವಿಭಜನೆಯ ಲೆಕ್ಕಗಳಲ್ಲಿ ಒಂದು ಮೋಲ್ (ಅಂದರೆ ಸುಮಾರು 6.022 × 10²³) ಎಲೆಕ್ಟ್ರಾನುಗಳ ಆವೇಶವನ್ನು 96,485 ಕೂಲಮ್ ಎಂದು ಹಿಡಿದರೆ ಸಾಕು.

ಹಳೆಯ ಗ್ರಂಥಗಳಲ್ಲಿ ಸಿಗುವ, ಸೆಂಟಿಮೀಟರ್-ಗ್ರಾಂ-ಸೆಕೆಂಡ್ ಆಧಾರಿತ ಪದ್ಧತಿಗಳ ಏಕಮಾನಗಳಾದ ಸ್ಟಾಟ್‌ಕೂಲಮ್ ಸುಮಾರು 3.336 × 10⁻¹⁰ ಕೂಲಮ್‌ಗೆ, ಆಬ್‌ಕೂಲಮ್ 10 ಕೂಲಮ್‌ಗೆ ಸಮನಾದವು. ಆ ಪದ್ಧತಿಗಳಲ್ಲಿ ಸೂತ್ರಗಳ ರೂಪವೇ ಬೇರೆ. ಉದಾಹರಣೆಗೆ, ಸ್ಟಾಟ್‌ಕೂಲಮ್ ಬಳಸುವಾಗ, ಎರಡು ಆವೇಶಗಳ ನಡುವಿನ ಬಲವನ್ನು ತಿಳಿಸುವ ಕೂಲಮ್‌ನ ನಿಯಮದ ಸ್ಥಿರಾಂಕ 1 ಆಗಿರುತ್ತದೆ. ಆದ್ದರಿಂದ ಅಂಕಿಯನ್ನು ಮಾತ್ರ ಬದಲಾಯಿಸಿ ಹಳೆಯ ಸೂತ್ರವನ್ನೇ ಉಳಿಸಿಕೊಂಡರೆ ಉತ್ತರ ಖಂಡಿತ ತಪ್ಪುತ್ತದೆ.